ಮುಚ್ಚಳಿಕೆ ಬರೆದುಕೊಡದ ಲಾಂಡ್ರಿ ಅಕ್ಕ

ಈ ಹೆಂಗಸಿನ ಕಥೆ ಯಾಕೆ ಹೇಳಬೇಕು ಎಂದರೆ, ಮಗಳು ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾದ ಮೇಲೂ ಈಕೆ ತಲೆ ತಗ್ಗಿಸಲಿಲ್ಲ. ಮಗಳ ತಲೆಯನ್ನೂ ತಗ್ಗಿಸಲು ಬಿಡಲಿಲ್ಲ. ಅಂಥವರು ಕಡಿಮೆ. ಕಾರಣ ಇಷ್ಟೇ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿ ಅಂಗಡಿ ದಾಟಿದರೆ ಒಂದು ಬಾಗಿಲಿನಿಂದ ಯಾವಾಗಲೂ ಹಬೆ ಬರುತ್ತಿರುತ್ತದೆ. ಅದು ಆಕೆಯ ಲಾಂಡ್ರಿ. ಮುಂದೆ ಕೌಂಟರು, ಅದರ ನೆತ್ತಿಯ ಮೇಲೆ ಟ್ಯೂಬ್‌ಲೈಟು. ಒಳಗೆ ಒಗೆಯುವ ದೊಡ್ಡ ಮಷೀನುಗಳು, ಒಣಗಿಸುವ ಮಷೀನು, ಗೋಡೆ ಉದ್ದಕ್ಕೂ ಇಸ್ತ್ರಿ ಮೇಜು. ಮೇಜಿನ ಹಿಂದೆ ಗಂಡ. ಅವನದು ಮಾತು ಕಡಿಮೆ, ಕೈ ಚುರುಕು. ಒಳಗಿನಿಂದಲೇ ಮೆಟ್ಟಿಲು ಹತ್ತಿದರೆ ಮನೆ. ಮನೆಯಲ್ಲಿ ಇನ್ನಿಬ್ಬರು: ಗಂಡನ ಅಕ್ಕ, ಅಂದರೆ ಅತ್ತಿಗೆ, ಮತ್ತೆ ಒಬ್ಬಳೇ ಮಗಳು. ಮಗುವಾಗಿದ್ದಾಗ ಮಾತಿಗೊಮ್ಮೆ ಕಣ್ಣು ಮಿಣುಕಿಸುತ್ತಿದ್ದಳು ಎಂದು ಅವಳಿಗೆ ಮಿಣುಕಿ ಎಂದೇ ಹೆಸರು ನಿಂತುಬಿಟ್ಟಿತು. ಈಗ ಒಂಬತ್ತನೇ ಕ್ಲಾಸು. ತಾಯಿಯನ್ನು ಬೀದಿಯವರೆಲ್ಲ ಕರೆಯುವುದು ಲಾಂಡ್ರಿ ಅಕ್ಕ ಎಂದು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ.

ಅಂಗಡಿ ಹಾಕಿದವರು ಮಾವ. ಅವರು ಈಗಿಲ್ಲ. ಸೊಸೆಗೆ ಕೆಲಸ ಕಲಿಸುವಾಗ ಮೊದಲ ದಿನವೇ ಒಂದು ಮಾತು ಹೇಳಿದ್ದರು.

"ನೋಡಮ್ಮ, ಯಾವ ಕಲೆ ಅಂತ ನೋಡ್ಕೋ. ಹೇಗಾಯ್ತು ಅಂತ ಮಾತ್ರ ಕೇಳ್ಬೇಡ. ಕೇಳಿದ್ಯೋ, ಗಿರಾಕಿ ಇನ್ನೊಂದಿನ ಈ ಕಡೆ ತಲೆ ಹಾಕಲ್ಲ."

ಅಕ್ಕ ಆ ಮಾತನ್ನು ಒಂದು ದಿನವೂ ಮೀರಿರಲಿಲ್ಲ. ಕೋಟಿನ ಕಾಲರಿಗೆ ಯಾರದೋ ತುಟಿಬಣ್ಣ ಬಂದಿದೆ, ಪ್ಯಾಂಟಿನ ಮಂಡಿಗೆ ಚರಂಡಿ ಕೆಸರು ಬಂದಿದೆ. ಹುಬ್ಬು ಏರಿಸಿದವಳಲ್ಲ. ಬಟ್ಟೆ ತೆಗೆದುಕೊಂಡಳು, ಟ್ಯೂಬ್‌ಲೈಟಿನ ಕೆಳಗೆ ಅಗಲಕ್ಕೆ ಹರಡಿದಳು, ಕಲೆ ಇದ್ದ ಕಡೆ ಗುರುತಿಗೆ ನೂಲು ಕಟ್ಟಿದಳು, ಒಳಗೆ ಎಸೆದಳು. ಸಂಜೆಗೆ ಕಲೆ ಹೋಯಿತು, ವಿಷಯ ಮುಗಿಯಿತು.

ಒಂದು ದಿನ ಮಿಣುಕಿಯ ಸ್ಕೂಲ್ ಅಂಗಿಯ ತೋಳಿನ ಒಳಮೈಯಲ್ಲಿ ಚುಕ್ಕೆ ಚುಕ್ಕೆ ಕಲೆ ಕಂಡಿತು. ಅಕ್ಕನ ಕೈ ಯೋಚನೆ ಮಾಡಲಿಲ್ಲ. ತೊಳೆಯಿತು, ಉಜ್ಜಿತು, ಕಲೆ ಹೋಯಿತು. ಸೊಳ್ಳೆ ಕಚ್ಚಿದ್ದನ್ನು ಕೆರೆದುಕೊಂಡಿರಬೇಕು ಎಂದು ಮನಸ್ಸು ಅಂದಿತು. ಆಮೇಲೆ ಇನ್ನೊಂದು ಅಂಗಿಯಲ್ಲೂ ಕಂಡಿತು. ಅದೂ ಹೋಯಿತು. ಮಗಳನ್ನು ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ಮಿಣುಕಿ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳಲು ಶುರುಮಾಡಿದಳು. ಕೆಳಗೆ ಅಷ್ಟು ದೊಡ್ಡ ಮಷೀನುಗಳು ತಿರುಗುತ್ತಿರುವಾಗ ಮೇಲೆ ಬಚ್ಚಲಲ್ಲಿ ಕೂತು ಬಕೆಟ್ಟಿನಲ್ಲಿ ಅಂಗಿ ಕುಕ್ಕುವಳು. ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ.

"ನನ್ನ ಮಗಳು ತನ್ನ ಬಟ್ಟೆ ತಾನೇ ಒಗೀತಾಳೆ ಗೊತ್ತಾ?" ಎಂದು ಗಿರಾಕಿಗಳ ಮುಂದೆ ಹೇಳಿಕೊಂಡಳು.

"ಲಾಂಡ್ರಿಯವರ ಮಗಳೇ ಬಕೆಟ್ಟಿನಲ್ಲಿ ಒಗೆದುಕೊಂಡ್ರೆ ನಿಮ್ಮ ಮಷೀನಿನ ಮೇಲೆ ನಮಗೆ ಅನುಮಾನ ಬರುತ್ತಲ್ಲ ಅಕ್ಕ," ಎಂದು ಬೀಗ ರಿಪೇರಿಯವನು ನಕ್ಕ. ಎಲ್ಲರೂ ನಕ್ಕರು. ಗಂಡ ಮಾತ್ರ ಇಸ್ತ್ರಿ ನಿಲ್ಲಿಸಿ ಮೆಟ್ಟಿಲ ಕಡೆ ಒಮ್ಮೆ ನೋಡಿದ.

ಒಂದು ಭಾನುವಾರ ಮಹಡಿಯ ಹಗ್ಗದ ಮೇಲೆ ಒಣಗಿದ್ದ ಅಂಗಿಯನ್ನು ಅಕ್ಕ ಎಳೆದುಕೊಂಡಳು. ತೋಳಿನಲ್ಲಿ ಕಂದು ಬಣ್ಣದ ಗೆರೆಗಳು ಕೂತುಬಿಟ್ಟಿದ್ದವು. ಅಕ್ಕನಿಗೆ ಉರಿದುಹೋಯಿತು.

"ಮಿಣುಕೀ! ಬಾರೇ ಇಲ್ಲಿ. ಇದಕ್ಕೆ ಬಿಸಿನೀರು ಹಾಕಿದ್ಯಾ? ಲಾಂಡ್ರಿಯವರ ಮನೇಲಿ ಹುಟ್ಟಿ ಇಷ್ಟು ಗೊತ್ತಾಗಲ್ವಾ ನಿಂಗೆ? ರಕ್ತಕ್ಕೆ ಯಾರಾದ್ರೂ ಬಿಸಿನೀರು ಹಾಕ್ತಾರಾ? ಹಾಳಾಯ್ತು ಅಂಗಿ! ಇನ್ನು ಜಪ್ಪಯ್ಯ ಅಂದ್ರೂ ಹೋಗಲ್ಲ ಇದು."

ಮಿಣುಕಿ ಬಾಗಿಲಲ್ಲಿ ನಿಂತಿದ್ದಳು. ಬಿಸಿಲಿಗೆ ಬೆವರುತ್ತಿದ್ದರೂ ತುಂಬು ತೋಳಿನ ಸ್ವೆಟರು ಹಾಕಿದ್ದಳು.

"ಅಮ್ಮ," ಎಂದಳು. "ನಿಂಗೆ ಅಷ್ಟೇ ಕಾಣಿಸಿದ್ದಾ?"

ಅಕ್ಕ ಆ ಗೆರೆಗಳನ್ನು ಮತ್ತೆ ನೋಡಿದಳು. ರಕ್ತ ಎಂದು ತಾನೇ ಬಾಯಿಬಿಟ್ಟು ಹೇಳಿದ್ದಳು. ಯಾರ ರಕ್ತ ಎಂದು ಈಗ ಹೊಳೆಯಿತು.

ಆ ದಿನ ಅಕ್ಕ ಮಾಡಿದ್ದೆಲ್ಲ ತಪ್ಪೇ. ಅತ್ತಳು, ಬೈದಳು, ಯಾರು ಕಲಿಸಿದರು ಎಂದು ಕೇಳಿದಳು, ನಮ್ಮ ಮುಖ ನೋಡಿಯಾದರೂ ಬಿಡು ಎಂದಳು. ನನ್ನ ತಲೆ ಮೇಲೆ ಕೈ ಇಟ್ಟು ಇನ್ನು ಮಾಡಲ್ಲ ಅನ್ನು ಎಂದಳು. ಮಿಣುಕಿ ಕೈ ಇಟ್ಟಳು, ಅಂದಳು. ಕಣ್ಣು ಬೇರೆಲ್ಲೋ ಇತ್ತು.

ಮಾರನೆಯ ಸಂಜೆಯಿಂದ ತಪಾಸಣೆ ಶುರುವಾಯಿತು. ಅಂಗಡಿಗೆ ಬಂದ ಬಟ್ಟೆಯನ್ನು ಹೇಗೆ ನೋಡುತ್ತಿದ್ದಳೋ ಹಾಗೇ. ಮಗಳು ಸ್ಕೂಲಿನಿಂದ ಬಂದ ತಕ್ಷಣ ಕೌಂಟರಿನ ಬಳಿ ನಿಲ್ಲಿಸಿ, ಟ್ಯೂಬ್‌ಲೈಟಿನ ಕೆಳಗೆ ತೋಳು ಮೇಲೇರಿಸಿ, ಈ ಕಡೆ ಆ ಕಡೆ ತಿರುಗಿಸಿ ನೋಡುವುದು. ಹೊಸದೇನೂ ಇಲ್ಲದಿದ್ದರೆ ಹೋಗು ಎನ್ನುವುದು. ಗಿರಾಕಿ ಇದ್ದರೆ ಗಿರಾಕಿ ಹೋಗುವ ತನಕ ಕಾಯಿಸಿ ನೋಡುವುದು.

"ನಾನೇನು ಬಟ್ಟೆನಾ?" ಎಂದಳು ಒಂದು ಸಂಜೆ ಮಿಣುಕಿ. "ಒಂದು ನೂಲೂ ಕಟ್ಟಿಬಿಡು, ಕಲೆ ಎಲ್ಲಿದೆ ಅಂತ ಗೊತ್ತಾಗ್ಲಿ."

"ಬಾಯಿ ಮುಚ್ಚು. ತೋಳು ತೋರ್ಸು."

ತೋಳಿನಲ್ಲಿ ಹೊಸ ಗಾಯ ಇರಲಿಲ್ಲ. ಅಕ್ಕ ಗೆದ್ದೆ ಎಂದುಕೊಂಡಳು. ಆದರೆ ಮಗಳು ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಕೇಳಿದ್ದಕ್ಕೆ ಹೂಂ ಉಹೂಂ ಬಿಟ್ಟರೆ ಮಾತಿಲ್ಲ. ಒಂದು ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ನಡಿಗೆ ಸೊಟ್ಟಗಾಗಿತ್ತು. ಅಪ್ಪ ನೋಡಿದ. ಅವನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಒಬ್ಬ ವಕೀಲರ ಬಿಳಿ ಅಂಗಿಯ ಮೇಲೆ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದರೂ ಎತ್ತಲಿಲ್ಲ.

"ನೀನು ನೋಡೋ ಜಾಗ ಬಿಟ್ಟು ಬೇರೆ ಕಡೆ ಮಾಡ್ಕೊಳ್ತಿದಾಳೆ ಕಣೇ," ಎಂದ. ಮದುವೆಯಾದ ಮೇಲೆ ಅವನು ಹೆಂಡತಿಯನ್ನು ತಪ್ಪು ಎಂದದ್ದು ಅದೇ ಮೊದಲು. "ನಾವು ಅವಳಿಗೆ ಬಚ್ಚಿಡೋದು ಕಲಿಸಿದ್ವಿ. ಅಷ್ಟೇ ನಾವು ಮಾಡಿದ್ದು."

ಅತ್ತಿಗೆಗೂ ಆಗಲೇ ಗೊತ್ತಾದದ್ದು. ಆಕೆ ಮೂಗು ಮುರಿದಳು.

"ಎಲ್ಲ ನಾಟಕ. ನಾಲ್ಕು ಬಾರಿಸಿದ್ರೆ ಸರಿಹೋಗ್ತಾಳೆ. ಹೊರಗೆ ಮಾತ್ರ ಉಸಿರೆತ್ಬೇಡ. ನಮ್ಮ ಮನೆ ಮರ್ಯಾದೆ ಏನಾಗ್ಬೇಕು?"

"ನಾಟಕ ಆಗಿದ್ರೆ ತೋರಿಸ್ತಿದ್ಲು ಅತ್ತಿಗೆ. ಇವಳು ಮುಚ್ಚಿಟ್ಟಿದಾಳೆ. ಇನ್ನು ಮರ್ಯಾದೆನಾ? ಕೆಳಗೆ ಕಳ್ಸಿ, ಒಗೆದು ಇಸ್ತ್ರಿ ಮಾಡಿ ಮಡಿಸಿ ಕೊಡ್ತೀನಿ. ನಂಗೆ ಈಗ ಮಗಳು ಬೇಕು."

ಹಾಗಂದಳೇ ಹೊರತು, ಮುಂದೇನು ಮಾಡಬೇಕು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಅಂಗಡಿಗೆ ಒಬ್ಬ ನರ್ಸಮ್ಮ ಬರುತ್ತಿದ್ದರು. ದೊಡ್ಡಾಸ್ಪತ್ರೆಯವರು. ಸಮವಸ್ತ್ರ ಕೊಟ್ಟು, ಚೀಟಿ ತೆಗೆದುಕೊಂಡು, ಮಾತಿಲ್ಲದೆ ಹೋಗುವವರು. ಅವರ ಬಟ್ಟೆಯಲ್ಲೂ ಬೇಕಾದಷ್ಟು ಕಲೆ ಇರುತ್ತಿತ್ತು, ಅಕ್ಕ ಯಾವತ್ತೂ ಕೇಳಿದವಳಲ್ಲ. ಆ ದಿನ ಅವರು ತಿರುಗಿ ಹೊರಟಾಗ ಅಕ್ಕ ಕೌಂಟರಿನಾಚೆ ಬಾಗಿ ಅವರ ಕೈಚೀಲ ಹಿಡಿದುಕೊಂಡಳು.

"ನರ್ಸಮ್ಮ, ಒಂದು ಕೇಳ್ತೀನಿ. ಮಕ್ಕಳು ತಮ್ಮ ಕೈಯಾರೆ ಗಾಯ ಮಾಡ್ಕೊಳ್ತಾರಲ್ಲ, ಅಂಥವರಿಗೆ ಯಾರಾದ್ರೂ ಇದಾರಾ ನಿಮ್ಮಲ್ಲಿ?"

ಹೇಳಿದ್ದೇ ತಡ, ಭೂಮಿ ಬಿರಿಯುತ್ತದೆ ಎಂದುಕೊಂಡಿದ್ದಳು. ನರ್ಸಮ್ಮ ಚೀಲ ಕೆಳಗಿಟ್ಟರು.

"ಇದಾರೆ. ಮಕ್ಕಳ ವಾರ್ಡಿನ ಪಕ್ಕ, ಮನಸ್ಸಿನ ವಿಭಾಗ. ನಾಳೆ ಬೆಳಿಗ್ಗೆ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ. ಹೆದರ್ಬೇಡಿ. ಇಂಥ ಮಕ್ಕಳು ಬೇಕಾದಷ್ಟು ಜನ ಬರ್ತಾರೆ. ನಿಮ್ಮ ಬೀದಿಯವರೂ ಬಂದಿದಾರೆ."

"ನಮ್ಮ ಬೀದಿಯವರಾ? ಯಾರು?"

"ಅದನ್ನ ಹೇಳೋ ಹಾಗಿದ್ರೆ ನಾಳೆ ನಿಮ್ಮದೂ ಹೇಳ್ತೀನಲ್ವಾ?"

ಅಕ್ಕ ನಾಲಿಗೆ ಕಚ್ಚಿಕೊಂಡಳು. ಆದರೆ ಎದೆಯ ಮೇಲಿನ ಭಾರ ಸ್ವಲ್ಪ ಸರಿಯಿತು.

ಆಸ್ಪತ್ರೆಯ ಆ ಕೋಣೆ ಚಿಕ್ಕದು. ಹಸಿರು ಬಣ್ಣದ ಗೋಡೆ, ಕಿಟಕಿಯ ಬಳಿ ನೀರಿನ ಹೂಜಿ, ಎತ್ತರ ಸಮ ಇಲ್ಲದ ಕುರ್ಚಿಗಳು. ಕೌನ್ಸೆಲರ್ ಮೇಡಂ ವಯಸ್ಸಾದವರು, ಕೆಮ್ಮು ಇತ್ತು. ತೋಳು ತೋರಿಸು ಎನ್ನಲಿಲ್ಲ. ಅದೇ ಅಕ್ಕನಿಗೆ ಆಶ್ಚರ್ಯ. ಮೊದಲು ಮಿಣುಕಿಯ ಜೊತೆ ಒಬ್ಬರೇ ಮಾತಾಡಿದರು. ಆಮೇಲೆ, ಮಿಣುಕಿಯನ್ನು ಕೇಳಿಯೇ, ಅಪ್ಪ ಅಮ್ಮನನ್ನು ಒಳಗೆ ಕರೆದರು.

"ಸಾಯ್ಬೇಕು ಅಂತ ಅನ್ಸುತ್ತಾ ಅಂತ ಅವಳನ್ನ ಕೇಳಿದೆ," ಎಂದರು ಮೇಡಂ.

ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು. "ಅಯ್ಯೋ! ಹಾಗೆಲ್ಲ ಕೇಳ್ಬಹುದಾ? ಇಲ್ಲದ್ದು ತಲೆಗೆ ಬರಲ್ವಾ?"

"ಕೇಳಿದ್ರೆ ಬರಲ್ಲ ತಾಯಿ. ಇದ್ರೆ ಹೊರಗೆ ಬರುತ್ತೆ. ಕೇಳದೆ ಇರೋದೇ ಅಪಾಯ."

ಮಿಣುಕಿ ತಲೆ ಎತ್ತದೆ ಹೇಳಿದಳು. "ಒಂದ್ಸಲ ಅನ್ಸಿತ್ತು. ಈಗ ಇಲ್ಲ. ಇದು ಅದಕ್ಕಲ್ಲ ಅಮ್ಮ. ಒಳಗೆ ತುಂಬ್ಕೊಳ್ಳುತ್ತೆ. ಕ್ಲಾಸಲ್ಲಿ ಅವರೆಲ್ಲ ನನ್ನ ಬಿಟ್ಟು ಗುಂಪು ಮಾಡ್ಕೊಂಡಿದ್ದು, ಮಾರ್ಕ್ಸು, ಇನ್ನೂ ಏನೇನೋ. ಏನು ಅಂತ ನಂಗೇ ಗೊತ್ತಿಲ್ಲ. ತುಂಬಿ ತುಂಬಿ ಉಸಿರು ಕಟ್ಟುತ್ತೆ. ಆಗ ಮಾಡಿದ್ರೆ ಸ್ವಲ್ಪ ಹೊತ್ತು ಸುಮ್ನಾಗುತ್ತೆ. ಆಮೇಲೆ ನಾಚಿಕೆ ಆಗುತ್ತೆ. ನಾಚಿಕೆಗೆ ಮತ್ತೆ ತುಂಬ್ಕೊಳ್ಳುತ್ತೆ."

ಮಗಳು ಅಷ್ಟು ಉದ್ದ ಮಾತಾಡಿ ಎಷ್ಟು ಕಾಲವಾಗಿತ್ತೋ. ಗಂಡ ಅಂಗೈಯಿಂದ ಮುಖ ಒರೆಸಿಕೊಂಡ.

ಮೇಡಂ ತಾಯಿಗೆ ಬಿಚ್ಚಿ ಹೇಳಿದರು. ತಪಾಸಣೆ ನಿಲ್ಲಿಸಿ. ಆಣೆ ಪ್ರಮಾಣ ಮಾಡಿಸಬೇಡಿ. ಮಾತು ಕೊಡಿಸಿದರೆ ಮುರಿದ ದಿನ ನಿಮ್ಮ ಹತ್ತಿರ ಬರುವ ದಾರಿ ಮುಚ್ಚಿತು ಎಂದೇ ಲೆಕ್ಕ. ಅಪಾಯದ ಸಾಮಾನು ಕೈಗೆ ಸಿಗದ ಹಾಗೆ ಎತ್ತಿಡಿ, ಗಲಾಟೆ ಮಾಡದೆ. ಹೇಳಿಕೊಂಡು ಬಂದಾಗ ಬೈಯಬೇಡಿ. ಗಾಯ ಆಗಿದ್ದರೆ ಮೊದಲು ಗಾಯ ನೋಡಿ. ಸಾಯುವ ಮಾತು ಬಂದರೆ, ಗಾಯ ದೊಡ್ಡದಾಗಿದ್ದರೆ, ಕಾಯಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ.

ನಂತರ ಮಿಣುಕಿಯನ್ನು ಕೇಳಿದರು, "ತುಂಬ್ಕೊಂಡಾಗ ಬೇರೆ ಏನು ಮಾಡಿದ್ರೆ ಒಂಚೂರಾದ್ರೂ ಇಳಿಯುತ್ತೆ?"

ಮಿಣುಕಿ ಅಪ್ಪನ ಕಡೆ ನೋಡಿದಳು. "ಹೋಟ್ಲಿನ ಟವೆಲ್ಲು."

"ಏನಮ್ಮ ಅದು?"

"ಹೋಟ್ಲಿಂದ ಮೂಟೆ ಮೂಟೆ ಟವೆಲ್ ಬರುತ್ತೆ. ಮಷೀನಿಂದ ಬಿಸಿಬಿಸಿ ತೆಗೀತಾರಲ್ಲ, ಅಪ್ಪನ ಜೊತೆ ಮಡಿಸೋದು. ಅಪ್ಪ ಏನೂ ಕೇಳಲ್ಲ."

"ಇನ್ನೇನು ಮತ್ತೆ," ಎಂದರು ಮೇಡಂ. "ಅದನ್ನೇ ಮಾಡಿ. ಸಂಬಳ ಕೇಳ್ಕೋ."

ಆ ಕೋಣೆಯಲ್ಲಿ ನಾಲ್ಕೂ ಜನ ನಕ್ಕರು. ವಾರಕ್ಕೊಮ್ಮೆ ಹೋಗುವುದು ಎಂದಾಯಿತು. ಮನೆಗೆ ಬಂದು ಅಕ್ಕ ಮಗಳಿಗೆ ಹೇಳಿದಳು, "ಇನ್ನು ನಾನು ತೋಳು ನೋಡಲ್ಲ. ನೀನು ಹೇಳಿದ್ರೆ ಕೇಳ್ತೀನಿ. ಬೈಯಲ್ಲ. ಬೈಯದೆ ಇರೋದು ನಂಗೆ ಕಷ್ಟ, ನಿಂಗೂ ಗೊತ್ತು. ಆದ್ರೂ ಬೈಯಲ್ಲ."

"ನೋಡೋಣ," ಎಂದಳು ಮಗಳು. ನಂಬಿದ ಹಾಗೆ ಕಾಣಲಿಲ್ಲ.

ಅದೇ ಹೊತ್ತಿಗೆ ಸ್ಕೂಲಿನಿಂದ ಕರೆ ಬಂತು. ಆಟದ ಪೀರಿಯಡ್ಡಿನಲ್ಲಿ ತೋಳು ಮೇಲೆ ಸರಿದಾಗ ಯಾರೋ ಹುಡುಗಿ ನೋಡಿ ಹೇಳಿದ್ದಳು. ಹೆಡ್ ಮೇಡಂ ಕೋಣೆಯಲ್ಲಿ ಗುಮಾಸ್ತ ಆಗಲೇ ಒಂದು ಕಾಗದ ಟೈಪು ಮಾಡಿಟ್ಟಿದ್ದ. ಅಕ್ಕ ಅದನ್ನು ಬೆರಳಿಟ್ಟು ಓದಿದಳು. ಇನ್ನು ಮುಂದೆ ಇಂಥ ಕೃತ್ಯ ಎಸಗುವುದಿಲ್ಲ, ಎಸಗಿದಲ್ಲಿ ಶಾಲೆಯಿಂದ ತೆಗೆದುಹಾಕಲು ನಮ್ಮ ಒಪ್ಪಿಗೆ ಇದೆ ಎಂದಿತ್ತು. ಕೆಳಗೆ ತಾಯಿಯ ಸಹಿ, ಮಗಳ ಸಹಿ.

"ಕೃತ್ಯ ಅಂದ್ರೆ? ಇವಳು ಏನು ಕದ್ದಳು ಮೇಡಂ?"

"ಹಾಗಲ್ಲ ರೀ. ಒಂದು ಮುಚ್ಚಳಿಕೆ ಅಷ್ಟೇ. ಬರೆದುಕೊಟ್ರೆ ನಾಳೆಯಿಂದ ಕ್ಲಾಸಿಗೆ ಬರ್ಲಿ. ಇಲ್ಲದಿದ್ರೆ ಸದ್ಯ ಮನೇಲಿರ್ಲಿ. ಬೇರೆ ಮಕ್ಕಳೂ ನೋಡಿ ಕಲಿತ್ರೆ ನಾನೇನು ಮಾಡ್ಲಿ?"

ಹಾಕಿಬಿಡಲೇ ಎಂದು ಅಕ್ಕನಿಗೆ ಒಂದು ಕ್ಷಣ ಅನ್ನಿಸಿತು. ಒಂದು ಸಹಿ. ಮಗಳು ನಾಳೆಯೇ ಕ್ಲಾಸಿನಲ್ಲಿ ಕೂರುತ್ತಾಳೆ, ಬೀದಿಯವರಿಗೆ ಏನೂ ಗೊತ್ತಾಗುವುದಿಲ್ಲ. ಪಕ್ಕಕ್ಕೆ ನೋಡಿದಳು. ಮಿಣುಕಿ ಪೆನ್ನು ಕೈಗೆ ತೆಗೆದುಕೊಂಡಾಗಿತ್ತು. ತಾಯಿಯ ತಲೆ ಮುಟ್ಟಿ ಆಣೆ ಮಾಡಿದ ದಿನ ಇದ್ದ ಅದೇ ಕಣ್ಣು. ಯಾವುದಕ್ಕೆ ಬೇಕಾದರೂ ಸಹಿ ಹಾಕುವ ಕಣ್ಣು. ಹಾಕಿದರೆ ಇವಳು ಇನ್ನು ಯಾರಿಗೂ ಹೇಳುವುದಿಲ್ಲ. ಗಾಯ ಆದರೆ ಸ್ಕೂಲು ಹೋಯಿತು ಎಂದ ಮೇಲೆ ಯಾವ ಮಗು ಬಾಯಿಬಿಡುತ್ತದೆ?

ಅಕ್ಕ ಮಗಳ ಕೈಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟಳು.

"ಬರೆದುಕೊಡಲ್ಲ ಮೇಡಂ."

"ಯಾಕೆ? ಮತ್ತೆ ಮಾಡ್ತಾಳೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತಲ್ಲ?"

"ಮಾಡಿದ್ರೂ ಮಾಡ್ಬಹುದು. ಮಾಡಿದ ದಿನ ನನ್ನ ಹತ್ರ ಬಂದು ಹೇಳ್ಬೇಕು. ಈ ಕಾಗದ ಅವಳ ಬಾಯಿಗೆ ಬೀಗ ಹಾಕುತ್ತೆ. ಸ್ಕೂಲು ಬಿಡಲ್ಲ, ಸಹಿಯೂ ಹಾಕಲ್ಲ. ಏನು ಮಾಡ್ತೀರೋ ಮಾಡಿ."

ಮನೆಗೆ ಬಂದರೂ ಅಕ್ಕನ ಕೊತಕೊತ ನಿಲ್ಲಲಿಲ್ಲ. "ನಾಳೆ ಸ್ಕೂಲ್ ಗೇಟಲ್ಲಿ ನಿಂತು ಕೂಗ್ತೀನಿ. ಎಲ್ಲ ತಂದೆ ತಾಯಿಗಳಿಗೂ ಹೇಳ್ತೀನಿ. ನನ್ನ ಮಗಳಿಗೆ ಹೀಗಾಗಿದೆ, ನಿಮ್ಮ ಮಕ್ಕಳದ್ದು ನೋಡ್ಕೊಳ್ಳಿ ಅಂತ."

"ಕೂಗಲಿಕ್ಕೆ ಗಂಟಲು ನಿಂದು ಅಮ್ಮ," ಎಂದಳು ಮಿಣುಕಿ. ಟವೆಲ್ ಮಡಿಸುತ್ತಿದ್ದವಳು ನಿಲ್ಲಿಸಿದಳು. "ಕೈ ನಂದು. ನನ್ನ ಕೇಳದೆ ನೀನು ಯಾರಿಗೂ ಹೇಳೋ ಹಾಗಿಲ್ಲ."

ಅಕ್ಕ ಬಾಯಿ ತೆರೆದಳು. ಗಂಡ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದ. "ಅವಳು ಹೇಳಿದ್ದು ಸರಿ," ಎಂದ. ಹೆಂಡತಿಯನ್ನು ತಪ್ಪು ಎಂದದ್ದು ಆ ತಿಂಗಳಲ್ಲಿ ಎರಡನೇ ಸಲ.

"ಆಯ್ತು ಮಾರಾಯ್ತಿ. ಜಗಳ ಆದ್ರೂ ಮಾಡ್ಬಹುದಾ?"

"ಜಗಳ ಮಾಡು. ಕಾರಣ ಹೇಳ್ಬೇಡ."

ಜಗಳ ಮಾಡು, ಕಾರಣ ಹೇಳಬೇಡ ಎಂದರೆ ಅಕ್ಕನಂಥವಳಿಗೆ ಇಸ್ತ್ರಿ ಮಾಡು, ಬಿಸಿ ಮಾಡಬೇಡ ಎಂದ ಹಾಗೆ. ಆದರೂ ಒಪ್ಪಿದಳು.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಸ್ಕೂಲಿಗೆ ಹೋದಳು. ಗುಮಾಸ್ತ ಮಿಣುಕಿಯನ್ನು ಕ್ಲಾಸಿನ ಬಾಗಿಲಲ್ಲೇ ತಡೆದು ಹೆಡ್ ಮೇಡಂ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸಿದ. ಅಕ್ಕ ಪಕ್ಕದಲ್ಲೇ ಕೂತಳು. ಹೆಗಲ ಮೇಲಿದ್ದ ಮೂಟೆ ಇಳಿಸಿ ಬಿಚ್ಚಿದಳು. ಗುಂಡಿ ಕಿತ್ತ ಅಂಗಿಗಳು, ಹೊಲಿಗೆ ಬಿಟ್ಟ ದಿಂಬಿನ ಚೀಲಗಳು. ಸೂಜಿಗೆ ದಾರ ಪೋಣಿಸಿ ಗುಂಡಿ ಹಾಕಲು ಶುರುಮಾಡಿದಳು. ಮಗಳು ಪಾಠದ ಪುಸ್ತಕ ತೆರೆದು ಕೂತಳು.

"ಇದೇನಮ್ಮ ಇದು, ಇಲ್ಲೇ ಅಂಗಡಿ ಹಾಕಿದ್ರಾ?" ಎಂದ ಗುಮಾಸ್ತ.

"ಮಗಳು ಕ್ಲಾಸಿಗೆ ಹೋಗ್ಲಿ ಅಂತ ಕಾಯ್ತಿದೀನಿ. ಸುಮ್ನೆ ಕೂರಕ್ಕೆ ನಂಗೆ ಬರಲ್ಲ."

ಸುದ್ದಿ ಕೇಳಲು ಬಂದವರಿಗೆಲ್ಲ ಅದೇ ಉತ್ತರ. ಮಗಳು ಕ್ಲಾಸಿಗೆ ಹೋಗ್ಲಿ ಅಂತ ಕಾಯ್ತಿದೀನಿ. ಅದರ ಮುಂದೆ ಒಂದು ಮಾತಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ದಾರದ ಜೊತೆ ಕಚ್ಚಿ ಕಡಿಯುತ್ತಿದ್ದಳು. ಟೀಚರುಗಳು ಅವಳ ಗಿರಾಕಿಗಳೇ. ಒಬ್ಬರು ತಮ್ಮ ಮಗನ ಪ್ಯಾಂಟು ಯಾವಾಗ ಕೊಡುತ್ತೀರಿ ಎಂದು ಅಲ್ಲೇ ಕೇಳಿದರು. ಹೆಡ್ ಮೇಡಂ ಕೋಟೂ ಅಂಗಡಿಯಲ್ಲಿತ್ತು.

"ನಿಮ್ಮ ಕೋಟು ಸಂಜೆ ಸಿಗುತ್ತೆ ಮೇಡಂ," ಎಂದಳು ಅಕ್ಕ, ಅವರು ಬಾಗಿಲು ದಾಟುವಾಗ. "ಜಗಳ ಬೇರೆ, ಬಟ್ಟೆ ಬೇರೆ."

ಮರುದಿನವೂ ಬಂದಳು, ಅದರ ಮರುದಿನವೂ. ಅಂಗಡಿಯಲ್ಲಿ ಗಂಡ ಒಬ್ಬನೇ ಒದ್ದಾಡುತ್ತಿದ್ದ. ಅತ್ತಿಗೆ ಮೇಲಿನಿಂದಲೇ ಗೊಣಗುತ್ತಿದ್ದಳು, "ಸಹಿ ಹಾಕಿದ್ರೆ ಅವಳ ಗಂಟೇನು ಹೋಗ್ತಿತ್ತು?" ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಂಚಿನ ಮೇಲೆ ಒಂದು ಮಧ್ಯಾಹ್ನ ಮಿಣುಕಿ ಪುಸ್ತಕ ಮುಚ್ಚಿ ಕೇಳಿದಳು.

"ಸಾಕು ಅನ್ಸಲ್ವಾ ಅಮ್ಮ? ನಂಗೋಸ್ಕರ ಎಷ್ಟು ದಿನ ಹೀಗೆ ಕೂರ್ತೀಯ?"

"ಗುಂಡಿ ಇನ್ನೂ ಬೇಕಾದಷ್ಟಿದೆ."

ಮಿಣುಕಿ ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದಳು, "ಹೆಡ್ ಮೇಡಂಗೆ ಆಸ್ಪತ್ರೆ ಮೇಡಂ ಹತ್ರ ಮಾತಾಡೋಕೆ ಹೇಳು. ಅವರಿಬ್ರು ಮಾತಾಡ್ಲಿ. ಅಷ್ಟಕ್ಕೆ ನಂದು ಒಪ್ಪಿಗೆ ಇದೆ."

ಅಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದು ಒಳಗೆ ಹೋದಳು. ಹೆಡ್ ಮೇಡಂ ಒಬ್ಬರೇ ಇದ್ದರು. ಜಗಳದ ಮುಖ ಇರಲಿಲ್ಲ, ಸುಸ್ತಾಗಿತ್ತು.

"ನಂಗೆ ಭಯ ರೀ," ಎಂದರು ಅವರೇ. "ನಾಳೆ ಆ ಮಗೂಗೆ ಏನಾದ್ರೂ ಆದ್ರೆ? ನಾನೇನು ಉತ್ತರ ಕೊಡ್ಲಿ? ನಂಗೂ ಇದೆಲ್ಲ ಹೊಸದು."

"ನಂಗೂ ಭಯ ಮೇಡಂ. ದಿನಾ ಭಯ. ಅವಳನ್ನ ಮನೆಗೆ ಕಳ್ಸಿದ್ರೆ ನಿಮ್ಮ ಭಯ ಹೋಗುತ್ತಾ?"

ಹೆಡ್ ಮೇಡಂ ಇಲ್ಲ ಎಂಬಂತೆ ತಲೆ ಆಡಿಸಿದರು.

"ಹಾಗಾದ್ರೆ ಇಬ್ರೂ ಒಟ್ಟಿಗೆ ಭಯಪಡೋಣ. ಆಸ್ಪತ್ರೆ ಮೇಡಂ ನಂಬರು ಕೊಡ್ತೀನಿ, ಮಾತಾಡಿ. ಮಗಳೇ ಹೇಳಿ ಕಳ್ಸಿದಾಳೆ."

ಮಾತಾಡಿದರು. ಅಷ್ಟು ಹೊತ್ತು ಏನು ಮಾತಾಡಿದರೋ ಅಕ್ಕನಿಗೆ ಗೊತ್ತಿಲ್ಲ. ಫೋನು ಇಟ್ಟ ಮೇಲೆ ಹೆಡ್ ಮೇಡಂ ಆ ಕಾಗದವನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದರು. ಮಿಣುಕಿಯನ್ನು ಒಳಗೆ ಕರೆದು, ಕ್ಲಾಸಿನಲ್ಲಿ ಕಷ್ಟ ಆದಾಗ ಕೇಳಿಕೊಂಡು ಹೊರಗೆ ಬರಬಹುದು, ಯಾರ ಹತ್ತಿರ ಹೋಗಿ ಕೂರುತ್ತೀಯೋ ನೀನೇ ಆರಿಸು ಎಂದರು. ಚಿತ್ರ ಬಿಡಿಸುವ ಟೀಚರ್ ಹೆಸರು ಹೇಳುತ್ತಾಳೆ ಎಂದು ಎಲ್ಲರೂ ಎಣಿಸಿದ್ದರು.

"ಗಣಿತದ ಸರ್," ಎಂದಳು ಮಿಣುಕಿ.

"ಆ ದೂರ್ವಾಸ!" ಎಂದು ಅಕ್ಕನ ಬಾಯಿಯಿಂದ ಬಂದೇಬಿಟ್ಟಿತು.

"ಅವರು ಪಾಪ ಅನ್ನಲ್ಲ ಅಮ್ಮ. ಅದಕ್ಕೇ."

ಮಿಣುಕಿ ಕ್ಲಾಸಿಗೆ ಹೋದಳು. ಅಕ್ಕ ಮೂಟೆ ಕಟ್ಟಿದಳು. ಇಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಕೆಲವು ವಾರ ಚೆನ್ನಾಗಿದ್ದವು. ಪರೀಕ್ಷೆ ಹತ್ತಿರ ಬಂತು. ಅಕ್ಕ ತೋಳು ನೋಡುತ್ತಿರಲಿಲ್ಲ, ನೋಡಬೇಕು ಎಂದು ಕಣ್ಣು ಎಳೆಯುತ್ತಿತ್ತು. ಮಗಳು ಹೇಳುತ್ತಾಳೋ, ಮತ್ತೆ ಬಕೆಟ್ಟು ಹಿಡಿಯುತ್ತಾಳೋ ಎಂಬುದೊಂದೇ ಅವಳಿಗೆ ಚಿಂತೆ.

ಒಂದು ದಿನ ಅಂಗಡಿ ತುಂಬ ಜನ. ಒಬ್ಬ ಗಿರಾಕಿ ತನ್ನ ಕೋಟಿನ ಕ್ರೀಸು ಸೊಟ್ಟಗಿದೆ ಎಂದು ಕೌಂಟರು ಬಡಿಯುತ್ತಿದ್ದ. ಸ್ಕೂಲಿನಿಂದ ಬಂದ ಮಿಣುಕಿ ಮೆಟ್ಟಿಲ ಕಡೆ ಹೋಗದೆ ಗಿರಾಕಿಗಳ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಕೌಂಟರಿನ ಮೇಲೆ ಬಾಗಿ, ತಾಯಿಗೆ ಮಾತ್ರ ಕೇಳುವಂತೆ ಹೇಳಿದಳು.

"ಅಮ್ಮ, ಇವತ್ತು ಆಯ್ತು."

ಅಕ್ಕ ಕೈಯಲ್ಲಿದ್ದ ಕೋಟನ್ನು ಕೆಳಗಿಟ್ಟಳು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಅಂಗಡಿ ಮುಚ್ಚಿದೆ," ಎಂದಳು ಎಲ್ಲರಿಗೂ.

"ಏನ್ರೀ ಇದು? ಈಗ ತಾನೇ ತೆಗೆದಿತ್ತಲ್ಲ!" ಕೋಟಿನವನು ಕೂಗಿದ.

"ಈಗ ಮುಚ್ಚಿದೆ ಸರ್. ನಾಳೆ ಬನ್ನಿ, ಇಲ್ಲ ಬೇರೆ ಕಡೆ ಹೋಗಿ."

ಗಿರಾಕಿ ಹೋಗುತ್ತಾನೆ ಎಂಬ ಭಯದಲ್ಲಿ ಬದುಕಿದ ಹೆಂಗಸು ಹಾಡಹಗಲೇ ಷಟರ್ ಎಳೆದಳು. ಗಂಡ ಇಸ್ತ್ರಿಯ ಪ್ಲಗ್ಗು ಕಿತ್ತ. ಅಕ್ಕ ಮಗಳನ್ನು ಟವೆಲ್ ಮೂಟೆಯ ಮೇಲೆ ಕೂರಿಸಿ ಕೇಳಿದಳು, "ಗಾಯ ದೊಡ್ಡದಾ? ನಾನು ನೋಡ್ಲಾ, ಆಸ್ಪತ್ರೆಗೆ ಹೋಗೋಣ್ವಾ?"

"ದೊಡ್ಡದಲ್ಲ. ನೀನೇ ನೋಡು."

ತೋಳನ್ನು ಮಿಣುಕಿಯೇ ಮೇಲೇರಿಸಿದಳು. ಅಕ್ಕ ತೊಳೆದು, ಔಷಧಿ ಹಚ್ಚಿ, ಬಟ್ಟೆ ಸುತ್ತಿದಳು. ಬೈಯಲಿಲ್ಲ. ಸಾಯುವ ಯೋಚನೆ ಬಂತಾ ಎಂದು ನೇರವಾಗಿ ಕೇಳಿದಳು. ಇಲ್ಲ ಎಂದಳು ಮಗಳು. ಏನಾಯ್ತು ಎಂದು ಕೇಳಿದಳು. ಷಟರಿನ ಕೆಳಗಿನ ಸಂದಿಯಿಂದ ಬಂದ ಬೆಳಕಿನಲ್ಲಿ ಕೂತು ಮಿಣುಕಿ ಹೇಳುತ್ತಾ ಹೋದಳು. ಅಪ್ಪ ಅಮ್ಮ ಕೇಳುತ್ತಾ ಕೂತರು. ಆಮೇಲೆ ಮೂವರೂ ಸೇರಿ ಆಸ್ಪತ್ರೆ ಮೇಡಂಗೆ ಫೋನು ಮಾಡಿದರು. ಮೇಡಂ ಕೇಳಿದ್ದು ಮೊದಲು ಇಷ್ಟೇ: "ತಾನಾಗಿ ಬಂದು ಹೇಳಿದಳಾ?"

"ಹೂಂ ಮೇಡಂ," ಎಂದಳು ಅಕ್ಕ. "ಸಾಲಿನಲ್ಲಿ ನಿಂತು ಹೇಳಿದಳು." ಅಷ್ಟು ಹೇಳಿ ಅತ್ತಳು. ಅದು ಸೋತವಳ ಅಳು ಆಗಿರಲಿಲ್ಲ.

ಮಿಣುಕಿ ಈಗಲೂ ಆಸ್ಪತ್ರೆಗೆ ಹೋಗುತ್ತಾಳೆ, ಮೊದಲಿನಷ್ಟು ಸಲ ಅಲ್ಲ. ಕಷ್ಟದ ದಿನಗಳು ಬರುತ್ತವೆ, ಬಂದಾಗ ಹೇಳುತ್ತಾಳೆ. ಅತ್ತಿಗೆ ಇವತ್ತಿಗೂ ಒಪ್ಪಿಲ್ಲ, ಮೂಗು ಮುರಿಯುವುದು ಬಿಟ್ಟಿಲ್ಲ. ಬೀದಿಯಲ್ಲಿ ಕೆಲವರಿಗೆ ವಿಷಯ ಗೊತ್ತಾಗಿದೆ. ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಾರೆ. ಅಕ್ಕ ಅವರನ್ನು ಹೆಸರು ಹಿಡಿದು ಕೂಗಿ ಮಾತಾಡಿಸುತ್ತಾಳೆ, ಅವರೇ ತಲೆ ತಗ್ಗಿಸಿ ಹೋಗಬೇಕು. ಇನ್ನು ಕೆಲವರು ಯಾರೂ ಇಲ್ಲದ ಹೊತ್ತು ನೋಡಿಕೊಂಡು ಬರುತ್ತಾರೆ. ಒಂದು ಅಂಗಿ ಕೊಡುತ್ತಾರೆ, ನಿಂತೇ ಇರುತ್ತಾರೆ. ಈಗ ಅಕ್ಕ ಕೇಳುತ್ತಾಳೆ, "ಮನೇಲಿ ಮಕ್ಕಳು ಹೇಗಿದಾರೆ?" ಅಷ್ಟು ಕೇಳಿದರೆ ಸಾಕು, ಸ್ಟೂಲು ಎಳೆದುಕೊಂಡು ಕೂತುಬಿಡುತ್ತಾರೆ. ಅವರಲ್ಲಿ ಎಷ್ಟೋ ಜನರನ್ನು ಅಕ್ಕ ತಾನೇ ಆ ಹಸಿರು ಗೋಡೆಯ ಕೋಣೆಯ ತನಕ ಬಿಟ್ಟು ಬಂದಿದ್ದಾಳೆ.

ಇಲ್ಲಿ ಹೇಳಿದ್ದಕ್ಕೆಲ್ಲ ಮಿಣುಕಿಯ ಒಪ್ಪಿಗೆ ಇದೆ. ಬೇಡ ಎಂದದ್ದನ್ನು ಬಿಟ್ಟಿದೆ.

ಓದಿದವರಲ್ಲಿ ಒಂದೇ ಬೇಡಿಕೆ. ಹೋಗಿ, ಆಕೆಯನ್ನು ನೋಡಿ. ಒಗೆಯಲು ಬಟ್ಟೆ ಇರಲಿ, ಇಲ್ಲದಿರಲಿ. ಮಿಣುಕಿ ಅಲ್ಲಿದ್ದರೆ ಅವಳನ್ನು ಏನೂ ಕೇಳಬೇಡಿ, ತೋಳಿನ ಕಡೆ ಕಣ್ಣು ಹಾಯಿಸಬೇಡಿ. ಅಕ್ಕನ ಹತ್ತಿರ ಮಾತಾಡಿ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಹೋಗಲೇಬೇಕು, ಅದೂ ಇವತ್ತೇ. ಹೇಗೆ ಶುರುಮಾಡುವುದು ಎಂದು ಗೊತ್ತಾಗದಿದ್ದರೆ ಸುಮ್ಮನೆ ಕೌಂಟರಿನ ಮುಂದೆ ನಿಲ್ಲಿ. ಮಧ್ಯಾಹ್ನದ ಮೇಲೆ ಜನ ಜಾಸ್ತಿ. ಜಾಸ್ತಿ ಇದ್ದರೂ ಹೋಗಿ.